ಓದಲು ಬಾರದವನ ಜೊತೆಗೊಂದು ಓದು: ಶಾನ್ ಟ್ಯಾನ್ ಅವರ ‘ದಿ ಅರೈವಲ್’

ಶಾನ್ ಟ್ಯಾನ್ ಅವರ ‘ದಿ ಅರೈವಲ್’ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಪ್ರಕಟವಾದ 128 ಪುಟಗಳ ಚಿತ್ರಪುಸ್ತಕ. ಅದರ ಕಥೆಯಲ್ಲಿ ನಾವು ಓದಬಲ್ಲ ಒಂದು ಪದವೂ ಇಲ್ಲ. ಒಬ್ಬ ಮನುಷ್ಯ ಹೆಂಡತಿಯನ್ನೂ ಪುಟ್ಟ ಮಗಳನ್ನೂ ಬಿಟ್ಟು ಹಡಗು ಹತ್ತಿ ಅಪರಿಚಿತ ನಾಡಿಗೆ ಹೋಗುತ್ತಾನೆ; ಅಲ್ಲಿ ತಂಗಲು ಕೋಣೆ, ಹೊಟ್ಟೆಗೆ ಆಹಾರ, ಕೈಗೆ ಕೆಲಸ ಹುಡುಕುತ್ತಾನೆ; ಕೊನೆಗೆ ಮನೆಯವರನ್ನು ಕರೆಸಿಕೊಳ್ಳುತ್ತಾನೆ. ಕಥೆಯ ಎಳೆ ಇಷ್ಟೇ. ಪದಗಳಿಲ್ಲದ ಪುಸ್ತಕಗಳ ಬಗ್ಗೆ ಎರಡು ಮಾತುಗಳು ಪದೇ ಪದೇ ಕೇಳಿಬರುತ್ತವೆ. ಅವು ಇನ್ನೂ ಅಕ್ಷರ ಕಲಿಯದ ಮಕ್ಕಳಿಗಾಗಿ ಇರುವಂಥವು ಎಂಬುದು ಒಂದು. ಚಿತ್ರಕ್ಕೆ ಭಾಷೆಯ ಹಂಗಿಲ್ಲವಾದ್ದರಿಂದ ಅವು ಯಾರಿಗೆ ಬೇಕಾದರೂ ತಾವಾಗಿಯೇ ಅರ್ಥವಾಗುತ್ತವೆ ಎಂಬುದು ಇನ್ನೊಂದು. ಈ ಎರಡೂ ಮಾತುಗಳು ಎಷ್ಟು ಅರೆಬರೆ ಎಂಬುದನ್ನು ಈ ಪುಸ್ತಕದಷ್ಟು ಚೆನ್ನಾಗಿ ತೋರಿಸುವ ಮತ್ತೊಂದು ಪುಸ್ತಕವನ್ನು ನಾನು ಕಂಡಿಲ್ಲ. ಇಲ್ಲಿ ಕಥಾನಾಯಕನಿಗೆ ಹೊಸ ನಾಡಿನ ಲಿಪಿ ಓದಲು ಬಾರದು, ನಮಗೂ ಬಾರದು. ಅವನು ತಡವರಿಸುವಲ್ಲೇ ನಾವೂ ತಡವರಿಸುತ್ತೇವೆ. ಪದಗಳನ್ನು ಬಿಟ್ಟಿರುವುದು ಅಲಂಕಾರಕ್ಕಾಗಿಯೂ ಅಲ್ಲ, ಸುಲಭವಾಗಲಿ ಎಂದೂ ಅಲ್ಲ. ಈ ಕಥೆಯನ್ನು ಹೇಳಲು ಬೇರೆ ದಾರಿಯೇ ಇರಲಿಲ್ಲ ಎಂದು ಪುಸ್ತಕ ಮುಚ್ಚುವಾಗ ಅನ್ನಿಸುತ್ತದೆ.

ಮೊದಲ ಪುಟವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಂಬತ್ತು ಸಣ್ಣ ಚೌಕಗಳು. ಪ್ರತಿಯೊಂದರಲ್ಲೂ ಒಂದೊಂದು ವಸ್ತು. ಕಾಗದ ಮಡಚಿ ಮಾಡಿದ ಹಕ್ಕಿ, ಗಡಿಯಾರ, ಟೋಪಿ, ಅಡುಗೆಯ ಪಾತ್ರೆ, ಮಗುವೊಂದು ಬರೆದ ಚಿತ್ರ, ಚಹಾದ ಕುಡಿಕೆ, ಬಟ್ಟೆ ತುಂಬಿದ ಪೆಟ್ಟಿಗೆ, ಕುಟುಂಬದ ಭಾವಚಿತ್ರ. ಯಾವ ಮನುಷ್ಯನೂ ಇನ್ನೂ ಕಾಣಿಸಿಕೊಂಡಿಲ್ಲ. ಆದರೂ ಓದುಗನ ಮನಸ್ಸು ಸುಮ್ಮನಿರುವುದಿಲ್ಲ: ಇದು ಒಂದು ಮನೆ, ಇಲ್ಲೊಂದು ಮಗುವಿದೆ, ಹೆಚ್ಚು ಹಣವಿಲ್ಲ, ಯಾರೋ ಹೊರಡುತ್ತಿದ್ದಾರೆ ಎಂದು ತಾನಾಗಿಯೇ ಜೋಡಿಸಿಕೊಳ್ಳುತ್ತದೆ. ಪೆಟ್ಟಿಗೆಯ ಚೌಕ ಬರುವವರೆಗೂ ಹಿಂದಿನವೆಲ್ಲ ಬರೀ ವಸ್ತುಗಳು. ಪೆಟ್ಟಿಗೆ ಕಂಡ ಕೂಡಲೇ ಅವೆಲ್ಲ ‘ಬಿಟ್ಟು ಹೋಗಬೇಕಾದವು’ ಆಗಿಬಿಡುತ್ತವೆ. ಗಡಿಯಾರಕ್ಕೆ ಅವಸರ ಬರುತ್ತದೆ, ಮಗುವಿನ ಚಿತ್ರಕ್ಕೆ ಭಾರ ಬರುತ್ತದೆ. ಈ ಬದಲಾವಣೆ ಕಾಗದದ ಮೇಲೆ ನಡೆದದ್ದಲ್ಲ. ಅಲ್ಲಿ ಒಂದು ಗೆರೆಯೂ ಅಲುಗಿಲ್ಲ. ಅದು ನಡೆದದ್ದು ಓದುಗನೊಳಗೆ, ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ಹೋಗುವ ಆ ಕಿರಿದಾದ ಖಾಲಿ ಜಾಗದಲ್ಲಿ. ಪದಗಳಿಲ್ಲದ ಪುಸ್ತಕದಲ್ಲಿ ಅರ್ಥ ಹುಟ್ಟುವ ಮುಖ್ಯ ಸ್ಥಳ ಅದೇ.

ಮುಂದಿನ ಪುಟಗಳಲ್ಲಿ ಆತ ಕುಟುಂಬದ ಭಾವಚಿತ್ರವನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯೊಳಗೆ ಇಡುತ್ತಾನೆ, ಮುಚ್ಚುತ್ತಾನೆ. ಪೆಟ್ಟಿಗೆಯ ಮೇಲಿರುವ ಅವನ ಕೈಯ ಮೇಲೆ ಹೆಂಡತಿಯ ಕೈ ಬಂದು ಕೂರುತ್ತದೆ. ಮಾತಿನಲ್ಲಿ ಬರೆದಿದ್ದರೆ ‘ಅವಳಿಗೆ ದುಃಖವಾಯಿತು’ ಎಂದೋ ‘ಇಬ್ಬರೂ ಮೌನವಾಗಿದ್ದರು’ ಎಂದೋ ಲೇಖಕ ಒಂದು ಭಾವವನ್ನು ಆರಿಸಿ ನಮ್ಮ ಕೈಗೆ ಕೊಡಬೇಕಾಗುತ್ತಿತ್ತು. ಇಲ್ಲಿ ಆ ಆಯ್ಕೆ ನಮ್ಮದು. ಆ ಕೈ ತಡೆಯುತ್ತಿದೆಯೇ, ಧೈರ್ಯ ಹೇಳುತ್ತಿದೆಯೇ, ಬೀಳ್ಕೊಡುತ್ತಿದೆಯೇ? ಮೂರೂ ಇರಬಹುದು. ಯಾವುದನ್ನು ಆರಿಸಿಕೊಂಡೆವೋ ಅದು ಮುಂದಿನ ಪುಟಗಳ ಓದಿಗೆ ತನ್ನ ಬಣ್ಣ ಕೊಡುತ್ತಾ ಹೋಗುತ್ತದೆ.

ಹೀಗೆ ಚಿತ್ರದಿಂದ ಚಿತ್ರಕ್ಕೆ ಎಳೆ ಕಟ್ಟುವುದು ಹುಟ್ಟಿನಿಂದ ಬಂದ ವಿದ್ಯೆಯಲ್ಲ. ಮರ್ಸರ್ ಮೇಯರ್ ಅವರ ‘ಫ್ರಾಗ್, ವೇರ್ ಆರ್ ಯೂ?’ ಎಂಬ 1969ರ ಪದರಹಿತ ಪುಸ್ತಕ ಭಾಷಾವಿಜ್ಞಾನಿಗಳ ಬಳಗದಲ್ಲಿ ಬಹಳ ಪ್ರಸಿದ್ಧ. ಹುಡುಗನೊಬ್ಬ ತನ್ನ ನಾಯಿಯೊಡನೆ, ತಪ್ಪಿಸಿಕೊಂಡ ಕಪ್ಪೆಯನ್ನು ಹುಡುಕುತ್ತಾ ಹೋಗುವ ಕಥೆ ಅದು. ರೂತ್ ಬರ್ಮನ್ ಮತ್ತು ಡ್ಯಾನ್ ಸ್ಲೋಬಿನ್ ಅದನ್ನು ಇಂಗ್ಲಿಷ್, ಜರ್ಮನ್, ಸ್ಪ್ಯಾನಿಷ್, ಹೀಬ್ರೂ ಮತ್ತು ಟರ್ಕಿಶ್ ಮಾತನಾಡುವ ಮಕ್ಕಳ ಹಾಗೂ ದೊಡ್ಡವರ ಮುಂದಿಟ್ಟು ಕಥೆ ಹೇಳಿಸಿ, ಆ ಅಧ್ಯಯನವನ್ನು 1994ರಲ್ಲಿ ಪ್ರಕಟಿಸಿದರು. ಮೂರು ವರ್ಷದ ಮಕ್ಕಳು ಬಹುಮಟ್ಟಿಗೆ ಒಂದೊಂದು ಚಿತ್ರವನ್ನೂ ಬೇರೆ ಬೇರೆಯಾಗಿ ಬಣ್ಣಿಸುತ್ತಾರೆ: ಇಲ್ಲಿ ಹುಡುಗ ಇದ್ದಾನೆ, ಇಲ್ಲಿ ನಾಯಿ ಇದೆ. ಬೆಳೆದಂತೆಲ್ಲ ಒಂದು ಚಿತ್ರವನ್ನು ಇನ್ನೊಂದಕ್ಕೆ ಕಾಲದಿಂದ, ಕಾರಣದಿಂದ ಹೆಣೆಯುತ್ತಾರೆ. ಇವೆಲ್ಲವೂ ಕಪ್ಪೆಯ ಹುಡುಕಾಟದ ಭಾಗಗಳು ಎಂಬ ಒಟ್ಟು ನೋಟ ಇನ್ನೂ ತಡವಾಗಿ ಬರುತ್ತದೆ. ಅದೇ ಚಿತ್ರಗಳು, ಅದೇ ಕ್ರಮ. ಆದರೆ ಎಳೆಯನ್ನು ತರಬೇಕಾದವನು ಓದುಗ. ‘ದಿ ಅರೈವಲ್’ ಇದೇ ಸಾಮರ್ಥ್ಯವನ್ನು ಬಹಳ ದೂರದವರೆಗೆ ದುಡಿಸಿಕೊಳ್ಳುತ್ತದೆ. ಹಡಗಿನ ಪ್ರಯಾಣವನ್ನು ತೋರಿಸಲು ಟ್ಯಾನ್ ಎರಡು ಪುಟಗಳ ತುಂಬ ಬರೀ ಮೋಡಗಳ ಸಣ್ಣ ಸಣ್ಣ ಚೌಕಗಳನ್ನು ಬರೆದಿದ್ದಾರೆ. ತಿಳಿಮೋಡ, ಕಾರ್ಮೋಡ, ಚದುರಿದ ಮೋಡ. ದಿನಗಳು ಉರುಳುತ್ತಿವೆ ಎಂದು ನಾವು ಓದಿಕೊಳ್ಳಬೇಕು; ಓದಿಕೊಳ್ಳದವನಿಗೆ ಅದು ಮೋಡಗಳ ಒಂದು ಪಟ್ಟಿ ಮಾತ್ರ.

ಹಾಗಾದರೆ ಓದುಗ ಏನು ಬೇಕಾದರೂ ಕಲ್ಪಿಸಿಕೊಳ್ಳಬಹುದೇ? ಪದರಹಿತ ಪುಸ್ತಕಗಳನ್ನು ಹೊಗಳುವವರು ‘ಪ್ರತಿ ಓದುಗನಿಗೂ ಅವನದೇ ಕಥೆ’ ಎಂದು ಹೇಳುವುದುಂಟು. ನನಗೆ ಆ ಮಾತು ಪೂರ್ತಿ ಒಪ್ಪಿಗೆಯಿಲ್ಲ, ಏಕೆಂದರೆ ಅದು ಚಿತ್ರಕಾರನ ದುಡಿಮೆಯನ್ನು ಕಡಿಮೆ ಮಾಡುತ್ತದೆ. ಮೊದಲ ಅಧ್ಯಾಯದಲ್ಲಿ, ಕುಟುಂಬ ರೈಲು ನಿಲ್ದಾಣದ ಕಡೆಗೆ ನಡೆಯುವಾಗ, ಊರಿನ ಕಟ್ಟಡಗಳ ನಡುವೆ ಮುಳ್ಳುಮುಳ್ಳಾದ ದೈತ್ಯ ಬಾಲದಂಥ ಕಪ್ಪು ಆಕೃತಿಗಳು ಹೊರಳಾಡುತ್ತಿರುತ್ತವೆ. ನನ್ನ ಅಕ್ಕನ ಮಗಳೊಡನೆ ಈ ಪುಟ ನೋಡುವಾಗ ಅವಳು ಯಾವ ಅನುಮಾನವೂ ಇಲ್ಲದೆ ‘ಊರಲ್ಲಿ ಡ್ರ್ಯಾಗನ್ ಇದೆ, ಅದಕ್ಕೇ ಓಡಿಹೋಗ್ತಿದ್ದಾರೆ’ ಎಂದಳು. ಅದೇ ಪುಟವನ್ನು ನೋಡಿದ ನಮ್ಮ ತಾಯಿ ಆ ಆಕೃತಿಯನ್ನು ಪ್ರಾಣಿಯೆಂದು ಭಾವಿಸಲೇ ಇಲ್ಲ. ‘ಮನೆಗೆ ಏನೋ ದೊಡ್ಡ ಕಷ್ಟ ಬಂದಿದೆ, ಅದನ್ನೇ ಹೀಗೆ ಬರೆದಿದ್ದಾರೆ’ ಎಂದರು. ಬಡತನ, ದಬ್ಬಾಳಿಕೆ, ಯುದ್ಧ, ಸಾಲ, ಏನೆಂದರೂ ಚಿತ್ರ ಅಡ್ಡಿ ಮಾಡುವುದಿಲ್ಲ. ಆದರೆ ಅದನ್ನು ಒಳ್ಳೆಯದೆಂದು ಓದಲು ಚಿತ್ರ ಬಿಡುವುದಿಲ್ಲ. ಬೆದರಿಕೆ ಎಂಬುದು ಗಟ್ಟಿಯಾಗಿ ನಿಂತಿದೆ. ಬೆದರಿಕೆಯ ಹೆಸರು ಮಾತ್ರ ಖಾಲಿ ಇದೆ. ಆ ಇಬ್ಬರ ಓದೂ ಸರಿಯೇ, ಎರಡೂ ಪುಸ್ತಕ ಹಾಕಿದ ಬೇಲಿಯೊಳಗೇ ಇವೆ. ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬ ಈ ತೀರ್ಮಾನದಲ್ಲೇ ಪದರಹಿತ ಪುಸ್ತಕದ ಕಲೆಗಾರಿಕೆ ಇದೆ, ಮತ್ತು ಟ್ಯಾನ್ ಈ ವಿಷಯದಲ್ಲಿ ಅಪರೂಪದ ವಿವೇಕವುಳ್ಳವರು.

ಅವರು ಬಿಗಿಯಾಗಿ ಹಿಡಿದಿರುವುದು ಮನುಷ್ಯರ ಮುಖ, ಕೈ, ನಿಲುವುಗಳನ್ನು. ಇವೆಲ್ಲ ಹಳೆಯ ಕಪ್ಪು-ಬಿಳುಪು ಛಾಯಾಚಿತ್ರಗಳಷ್ಟು ನೈಜವಾಗಿವೆ. ಪೆನ್ಸಿಲ್ಲಿನಲ್ಲಿ ಬರೆದು, ಮಾಸಲು ಕಂದು ಛಾಯೆ ಕೊಟ್ಟ ಈ ಚಿತ್ರಗಳಿಗಾಗಿ ಟ್ಯಾನ್ ತಾವೂ ನಟಿಸಿ, ಪರಿಚಿತರಿಂದಲೂ ನಟನೆ ಮಾಡಿಸಿ, ಅದನ್ನು ಆಧಾರವಾಗಿಟ್ಟುಕೊಂಡಿದ್ದರು. ನ್ಯೂಯಾರ್ಕಿನ ಎಲ್ಲಿಸ್ ದ್ವೀಪದಲ್ಲಿ 1892ರಿಂದ 1954ರವರೆಗೆ ನಡೆದ ವಲಸೆ ತಪಾಸಣಾ ಕೇಂದ್ರದ ಛಾಯಾಚಿತ್ರಗಳು ಅವರ ಮುಖ್ಯ ಆಕರಗಳಲ್ಲಿ ಒಂದು. ಸಡಿಲ ಬಿಟ್ಟಿರುವುದು ಆ ಮನುಷ್ಯರ ಸುತ್ತಲಿನ ಲೋಕವನ್ನು. ಹೊಸ ನಾಡಿನ ಹಣ್ಣು, ಪ್ರಾಣಿ, ವಾಹನ, ಒಲೆ, ನಲ್ಲಿ, ಗಡಿಯಾರ ಯಾವುದೂ ನಾವು ಕಂಡದ್ದಲ್ಲ. ಇದರ ಫಲ ಏನೆಂದರೆ, ಯಾವ ದೇಶದ ಓದುಗನೂ ‘ಇದು ನನ್ನ ಊರು, ನನಗೆ ಗೊತ್ತು’ ಎನ್ನಲಾರ. ಎಲ್ಲ ಓದುಗರೂ ಸಮಾನವಾಗಿ ಪರಕೀಯರು. ನಿಜವಾದ ಒಂದು ನಗರವನ್ನು ಬರೆದಿದ್ದರೆ ಕೆಲವರಾದರೂ ಊರಿನವರ ಕಣ್ಣಿನಿಂದ ಈ ಬಡ ಪ್ರಯಾಣಿಕನನ್ನು ನೋಡುವ ಸಾಧ್ಯತೆ ಇತ್ತು.

ಲಿಪಿಯ ವಿಷಯವೂ ಹಾಗೆಯೇ. ಹೊಸ ನಾಡಿನ ಫಲಕಗಳಲ್ಲಿ, ಕಾಗದಪತ್ರಗಳಲ್ಲಿ, ಗೋಡೆಗಳ ಮೇಲೆ ಎಲ್ಲೆಲ್ಲೂ ಬರವಣಿಗೆ ಇದೆ. ರೋಮನ್ ಅಕ್ಷರಗಳನ್ನೂ ಅಂಕಿಗಳನ್ನೂ ಕತ್ತರಿಸಿ, ತುಂಡುಗಳನ್ನು ಬೇರೆ ರೀತಿಯಲ್ಲಿ ಜೋಡಿಸಿ ಟ್ಯಾನ್ ಅದನ್ನು ರೂಪಿಸಿದ್ದಾರೆ. ಅಕ್ಷರದಂತೆ ಕಾಣುತ್ತದೆ, ಇನ್ನೇನು ಓದಿಬಿಡಬಹುದು ಅನ್ನಿಸುತ್ತದೆ, ಓದಲಾಗುವುದಿಲ್ಲ. ಆದ್ದರಿಂದ ಇದನ್ನು ಪದಗಳೇ ಇಲ್ಲದ ಪುಸ್ತಕ ಎನ್ನುವುದಕ್ಕಿಂತ ಓದಲಾಗದ ಪದಗಳಿಂದ ತುಂಬಿದ ಪುಸ್ತಕ ಎನ್ನುವುದೇ ಸರಿ. ತಪಾಸಣಾ ಕೇಂದ್ರದಲ್ಲಿ ಅಧಿಕಾರಿಗಳು ಪ್ರಶ್ನೆ ಕೇಳುತ್ತಾರೆ, ಅವನ ಅಂಗಿಗೆ ಚೀಟಿಗಳನ್ನು ಸಿಕ್ಕಿಸುತ್ತಾರೆ. ಅವನು ಕೈ ಆಡಿಸುತ್ತಾನೆ, ತಲೆ ಹಿಡಿದುಕೊಳ್ಳುತ್ತಾನೆ, ತನ್ನ ಕುಟುಂಬದ ಚಿತ್ರ ತೋರಿಸುತ್ತಾನೆ. ಆ ಚೀಟಿಗಳಲ್ಲಿ ಏನಿದೆ ಎಂದು ಅವನಿಗೆ ತಿಳಿಯದು, ನಮಗೂ ತಿಳಿಯದು. ಅಕ್ಷರಸ್ಥರಾದ ದೊಡ್ಡವರಿಗೆ ಈ ಪುಟಗಳು ಮಕ್ಕಳಿಗಿಂತ ಹೆಚ್ಚು ಕಷ್ಟ ಕೊಡುತ್ತವೆ, ಕೊಡಲಿ ಎಂದೇ ಅವು ಇವೆ.

ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಪ್ರಸಂಗ ಇಲ್ಲಿಂದ ಮುಂದೆ ಬರುತ್ತದೆ. ಕೆಲಸ ಹುಡುಕುತ್ತಾ ಅಲೆದ ಅವನಿಗೆ ಗೋಡೆಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಗುತ್ತದೆ. ಶ್ರದ್ಧೆಯಿಂದ ಅಂಟು ಬಳಿದು, ಒಂದರ ಪಕ್ಕ ಒಂದು ನೀಟಾಗಿ ಅಂಟಿಸುತ್ತಾನೆ. ಆಮೇಲೆ ಯಾರೋ ಬಂದು ತೋರಿಸಿದಾಗ ತಿಳಿಯುತ್ತದೆ, ಅವನು ಅಂಟಿಸಿದ್ದೆಲ್ಲವೂ ತಲೆಕೆಳಗು. ಇಲ್ಲಿ ಓದುಗನ ಸ್ಥಿತಿಯನ್ನು ಗಮನಿಸಬೇಕು. ಅವನು ಅಂಟಿಸುತ್ತಿದ್ದಾಗ ಅದು ತಪ್ಪೆಂದು ನಮಗೆ ಗೊತ್ತಾಗುವುದಿಲ್ಲ, ಏಕೆಂದರೆ ಆ ಲಿಪಿಯ ಮೇಲು ಯಾವುದು ಕೆಳಗು ಯಾವುದು ಎಂದು ನಮಗೂ ತಿಳಿಯದು. ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಭಿತ್ತಿಪತ್ರ ಇದ್ದಿದ್ದರೆ ನಾವು ಅವನ ದಡ್ಡತನಕ್ಕೆ ಮೊದಲೇ ನಕ್ಕುಬಿಡುತ್ತಿದ್ದೆವು. ಈಗ ಅವನ ಜೊತೆಗೇ ಸಿಕ್ಕಿಬೀಳುತ್ತೇವೆ, ಅವನಿಗಾದ ಮುಜುಗರ ನಮಗೂ ಆಗುತ್ತದೆ. ಕೆಲಸ ಕಳೆದುಕೊಂಡು ಅವನು ಮುಂದೆ ನಡೆಯುವಾಗ, ಓದು ಬಾರದವನು ದಡ್ಡನಲ್ಲ ಎಂಬ ಮಾತನ್ನು ಯಾರೂ ನಮಗೆ ಹೇಳಬೇಕಾಗಿಲ್ಲ. ಮಾತಿನಲ್ಲಿ ಬರೆದ ಯಾವ ಕಥೆಯೂ ಇದನ್ನು ಇದೇ ರೀತಿ ಮಾಡಲಾರದು: ಆ ಕಥೆಯನ್ನು ಓದುವವನು ಓದು ಬಲ್ಲವನೇ ಆಗಿರುತ್ತಾನಲ್ಲ!

ಹೊಸ ನಾಡಿನಲ್ಲಿ ಅವನು ಭೇಟಿಯಾಗುವವರೂ ಹಿಂದೊಮ್ಮೆ ವಲಸೆ ಬಂದವರೇ. ಪ್ರತಿಯೊಬ್ಬರೂ ತಮ್ಮ ಕಥೆ ಹೇಳುತ್ತಾರೆ. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಅರ್ಥವಾಯಿತು ಎಂಬುದನ್ನು ಪದಗಳಿಲ್ಲದೆ ತೋರಿಸುವುದು ಸಣ್ಣ ಕೆಲಸವಲ್ಲ. ಕಥೆ ಹೇಳುವವರ ಮುಖದಿಂದ ನೇರವಾಗಿ ಅವರ ನೆನಪಿನೊಳಕ್ಕೆ ಇಳಿಯುತ್ತೇವೆ; ಪುಟದ ಛಾಯೆ ಬದಲಾಗುವುದೇ ನಮಗಿರುವ ಸೂಚನೆ. ಇವುಗಳಲ್ಲಿ ಮುದುಕನೊಬ್ಬನ ಯುದ್ಧದ ನೆನಪು ವಿಶೇಷವಾದದ್ದು. ಅದನ್ನು ಟ್ಯಾನ್ ಬಹುಮಟ್ಟಿಗೆ ಕಾಲುಗಳ ಮೂಲಕವೇ ಹೇಳುತ್ತಾರೆ. ಹೂವು ಎರಚಿದ ಬೀದಿಯಲ್ಲಿ ಕವಾಯತು ಮಾಡುವ ಕಾಲುಗಳು, ಏರುಪೇರಿನ ನೆಲದ ಮೇಲೆ ನಡೆಯುವ ಕಾಲುಗಳು, ಓಡುವ ಕಾಲುಗಳು; ಆಮೇಲೆ ಎಲುಬುಗಳು ಹರಡಿದ ಬಯಲು; ಆಮೇಲೆ ಒಂದೇ ಕಾಲು ಮತ್ತು ಊರುಗೋಲು. ಮುಖವನ್ನು ಮರೆಮಾಡಿದ್ದರಿಂದ ಇವನು ಇಂಥವನೇ ಎಂಬ ಗುರುತು ಅಳಿಸಿಹೋಗಿ, ಯಾವ ಪಡೆಯ ಯಾವ ಸಿಪಾಯಿಯಾದರೂ ಆಗಬಹುದಾದ ಕಥೆಯಾಗುತ್ತದೆ.

ಈಗ ಆ ಎರಡನೆಯ ಮಾತಿಗೆ ಬರುತ್ತೇನೆ: ಚಿತ್ರಕ್ಕೆ ಭಾಷೆ ಬೇಡವೇ? ಒಂದೇ ಪುಟದ ಹನ್ನೆರಡು ಚೌಕಗಳಲ್ಲಿ ಕಾಣುವ ಹನ್ನೆರಡು ಆಕೃತಿಗಳು ಒಬ್ಬನೇ ಮನುಷ್ಯನವು, ಹನ್ನೆರಡು ಮಂದಿಯಲ್ಲ ಎಂದು ತಿಳಿಯುವುದಕ್ಕೂ ರೂಢಿ ಬೇಕು. ಎಡದಿಂದ ಬಲಕ್ಕೆ ಓದಬೇಕು, ಸಣ್ಣ ಚೌಕ ಎಂದರೆ ಕ್ಷಣ, ಎರಡು ಪುಟಗಳ ತುಂಬ ಹರಡಿದ ಚಿತ್ರ ಎಂದರೆ ನಿಂತು ನೋಡು, ಚೌಕದೊಳಗೆ ವಸ್ತು ದೊಡ್ಡದಾಗುತ್ತಾ ಬಂದರೆ ಅದು ಬೆಳೆಯುತ್ತಿಲ್ಲ, ನಾವು ಹತ್ತಿರ ಹೋಗುತ್ತಿದ್ದೇವೆ; ಇವೆಲ್ಲ ಸಿನಿಮಾ, ಕಾಮಿಕ್ಸ್ ನೋಡಿ ನೋಡಿ ಕಲಿತ ಒಪ್ಪಂದಗಳು. ಬಲದಿಂದ ಎಡಕ್ಕೆ ಸಾಗುವ ಲಿಪಿಯವರಿಗೆ ಪುಟದ ದಿಕ್ಕೇ ಬೇರೆ. ಆದ್ದರಿಂದ ಈ ಪುಸ್ತಕವನ್ನು ಕಾಮಿಕ್ಸ್ ಓದಿ ಅಭ್ಯಾಸವಿಲ್ಲದವರ ಕೈಗೆ ಕೊಟ್ಟು ‘ಪದಗಳೇ ಇಲ್ಲವಲ್ಲ, ನೋಡಿ’ ಎಂದು ಬಿಟ್ಟುಬಿಡುವುದು ನ್ಯಾಯವಲ್ಲ. ಮೊದಲ ಕೆಲವು ಪುಟಗಳನ್ನು ಜೊತೆಗೆ ಕುಳಿತು ನೋಡಿದರೆ ಅಭ್ಯಾಸ ಬೇಗ ಕೂಡುತ್ತದೆ.

ಹಾಗೆಂದು ಚಿತ್ರಗಳು ದಾಟಿಸುವ ದೂರ ಕಡಿಮೆಯದೇನಲ್ಲ. ಮಕ್ಕಳ ಪುಸ್ತಕಗಳ ಅಂತಾರಾಷ್ಟ್ರೀಯ ಸಂಸ್ಥೆಯಾದ ಐಬಿಬಿವೈ, ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದಿಂದ ನಿರಾಶ್ರಿತರು ಬಂದಿಳಿಯುತ್ತಿದ್ದ ಇಟಲಿಯ ಲ್ಯಾಂಪೆಡೂಸಾ ದ್ವೀಪದಲ್ಲಿ ಸ್ಥಳೀಯ ಮತ್ತು ವಲಸೆ ಮಕ್ಕಳಿಬ್ಬರಿಗೂ ಒಂದು ಗ್ರಂಥಾಲಯ ಕಟ್ಟಲು 2012ರಲ್ಲಿ ಮುಂದಾದಾಗ, ಲೋಕದ ನಾನಾ ಕಡೆಗಳಿಂದ ಪದರಹಿತ ಪುಸ್ತಕಗಳನ್ನೇ ಕೂಡಿಸಿತು. ಮಕ್ಕಳ ಸಾಹಿತ್ಯದ ಸಂಶೋಧಕಿ ಎವೆಲಿನ್ ಅರಿಸ್ಪೆ ಮತ್ತು ಸಂಗಡಿಗರು ಗ್ಲಾಸ್ಗೊ, ಬಾರ್ಸಿಲೋನಾ ಮೊದಲಾದ ನಗರಗಳಲ್ಲಿ ವಲಸೆ ಬಂದ ಮಕ್ಕಳೊಂದಿಗೆ ‘ದಿ ಅರೈವಲ್’ ಓದಿ, ಆ ಅನುಭವವನ್ನು 2014ರಲ್ಲಿ ಪುಸ್ತಕವಾಗಿ ತಂದಿದ್ದಾರೆ. ಶಾಲೆಯ ಭಾಷೆ ಇನ್ನೂ ಕೈಗೆ ಬಾರದ ಮಗುವಿಗೆ ಇಂಥ ಪುಸ್ತಕದ ಮುಂದೆ ಹೇಳಲು ಏನಾದರೂ ಇರುತ್ತದೆ ಎಂಬುದೇ ಒಂದು ದೊಡ್ಡ ಮಾತು. ಅಕ್ಷರದ ಪುಸ್ತಕದ ಮುಂದೆ ಹಿಂದುಳಿದವನೆನಿಸಿಕೊಂಡ ಹುಡುಗ, ಪೆಟ್ಟಿಗೆ ಕಟ್ಟುವುದನ್ನು ಸ್ವತಃ ಕಂಡವನಾಗಿದ್ದರೆ, ಇಲ್ಲಿ ಎಲ್ಲರಿಗಿಂತ ಬಲ್ಲವನಾಗುತ್ತಾನೆ.

ಪುಸ್ತಕದ ಕೊರತೆಗಳನ್ನೂ ಹೇಳಬೇಕು. ಹೊಸ ನಾಡು ಅತಿಯಾಗಿ ಒಳ್ಳೆಯದು. ಗೊಂದಲವಿದೆ, ಆಯಾಸವಿದೆ, ಒಂಟಿತನವಿದೆ. ಆದರೆ ‘ನೀನು ಬೇಡ, ಹಿಂದೆ ಹೋಗು’ ಎನ್ನುವ ಒಂದು ಮುಖವೂ ಆ ನಗರದಲ್ಲಿಲ್ಲ. ದಾರಿ ಕೇಳಿದರೆ ತೋರಿಸುತ್ತಾರೆ, ಮನೆಗೆ ಕರೆದು ಊಟ ಹಾಕುತ್ತಾರೆ. ಕ್ರೌರ್ಯವೆಲ್ಲ ಬಿಟ್ಟುಬಂದ ನಾಡುಗಳಿಗೆ ಸೇರಿದ್ದು, ಬಂದು ಸೇರಿದ ನಾಡಿಗೆ ಅದರ ಸೋಂಕಿಲ್ಲ. ವಲಸೆಯ ಬಗ್ಗೆ ಇಷ್ಟು ಬಲ್ಲ ಪುಸ್ತಕ ಈ ವಿಷಯದಲ್ಲಿ ಕಣ್ಣು ತಪ್ಪಿಸಿದೆ ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಎರಡನೆಯದು ಹೆಂಡತಿಯ ವಿಷಯ. ನಿಲ್ದಾಣದಲ್ಲಿ ಬೀಳ್ಕೊಟ್ಟ ಮೇಲೆ, ಅವನ ಬಳಿಯ ಭಾವಚಿತ್ರದಲ್ಲಿ ಮತ್ತು ಅವನ ಕಲ್ಪನೆಯಲ್ಲಿ ಬಿಟ್ಟರೆ, ಅವಳು ಮತ್ತು ಮಗಳು ಮತ್ತೆ ಕಾಣಿಸಿಕೊಳ್ಳುವುದು ಹೊಸ ನಾಡಿಗೆ ಬಂದಾಗ. ಆ ಮುಳ್ಳುಬಾಲಗಳ ನೆರಳಿನಲ್ಲಿ ಅವರು ಕಳೆದ ಕಾಲ ಪುಸ್ತಕದಲ್ಲಿಲ್ಲ. ಇದನ್ನು ಓದುಗ ತುಂಬಿಕೊಳ್ಳಬೇಕಾದ ಖಾಲಿ ಜಾಗವೆಂದು ಸಮರ್ಥಿಸಬಹುದು. ಆದರೆ ತುಂಬಿಕೊಳ್ಳಲು ಪುಸ್ತಕ ಒಂದು ಸುಳಿವನ್ನಾದರೂ ಕೊಟ್ಟಿರಬೇಕು. ಬೇಲಿಯೇ ಇಲ್ಲದ ಕಡೆ ಬಿಟ್ಟ ಜಾಗ ಬರೀ ಬಿಟ್ಟುಹೋದ ಜಾಗವಾಗುತ್ತದೆ.

ಮಕ್ಕಳೊಡನೆ ಓದುವವರಿಗೆ ಒಂದು ಮಾತು. ದೊಡ್ಡವರು ಮಾಡುವ ಸಾಮಾನ್ಯ ಅಚಾತುರ್ಯವೆಂದರೆ ಮೌನಕ್ಕೆ ಹೆದರಿ ತಾವೇ ಕಥೆ ಹೇಳಿಬಿಡುವುದು, ಇಲ್ಲವೇ ‘ಇದೇನು? ಅದೇನು?’ ಎಂದು ಪರೀಕ್ಷೆ ಮಾಡುವುದು. ಎರಡರಿಂದಲೂ ಮಗು ಚಿತ್ರವನ್ನು ಬಿಟ್ಟು ದೊಡ್ಡವರ ಮುಖ ನೋಡಲು ಶುರುಮಾಡುತ್ತದೆ. ಪುಟ ತಿರುವುವ ಹಕ್ಕನ್ನು ಮಗುವಿಗೆ ಬಿಟ್ಟುಕೊಡಿ, ಹಿಂದಕ್ಕೆ ತಿರುವಿದರೆ ತಡೆಯಬೇಡಿ. ಪದರಹಿತ ಪುಸ್ತಕದಲ್ಲಿ ಹಿಂದಕ್ಕೆ ಹೋಗುವುದೂ ಓದಿನ ಭಾಗವೇ. ಕೊನೆಯ ಅಧ್ಯಾಯದಲ್ಲಿ ಮೊದಲ ಪುಟದ ಚೌಕಗಳ ಜೋಡಣೆಯೇ ಹೊಸ ಮನೆಯ ಹೊಸ ವಸ್ತುಗಳೊಂದಿಗೆ ಮತ್ತೆ ಬರುತ್ತದೆ. ಎರಡನ್ನೂ ಅಕ್ಕಪಕ್ಕ ಹೋಲಿಸಿ ನೋಡದಿದ್ದರೆ ಆ ಕುಟುಂಬ ನೆಲೆಯೂರಿತು ಎಂಬುದರ ಅರ್ಧ ಸವಿ ತಪ್ಪಿಹೋಗುತ್ತದೆ. ನನ್ನ ಅಕ್ಕನ ಮಗಳು ಅಲ್ಲಿಗೆ ಬಂದ ಕೂಡಲೇ ಪುಸ್ತಕವನ್ನು ಸರಸರನೆ ಮೊದಲಿಗೆ ತಿರುವಿ, ಎರಡು ಕಡೆಯೂ ಬೆರಳಿಟ್ಟುಕೊಂಡು, ಹಕ್ಕಿಗೆ ಹಕ್ಕಿ, ಟೋಪಿಗೆ ಟೋಪಿ ತಾಳೆ ನೋಡಿದಳು. ಯಾರೂ ಹೇಳಿಕೊಟ್ಟಿರಲಿಲ್ಲ. ತೀರ ಎಳೆಯ ಮಕ್ಕಳಿಗೆ ಈ ಪುಸ್ತಕ ಬೇಡ. ಯುದ್ಧದ ಪುಟಗಳೂ, ದೈತ್ಯರು ಊರಿನ ಜನರನ್ನು ಯಂತ್ರಗಳಿಂದ ಹೀರಿಕೊಳ್ಳುವ ಪುಟಗಳೂ ಹೆದರಿಸುವಂಥವು. ಎಂಟು ಒಂಬತ್ತು ವರ್ಷ ದಾಟಿದವರಿಗೆ, ಮತ್ತು ಅಲ್ಲಿಂದಾಚೆಗೆ ಯಾವ ವಯಸ್ಸಿನವರಿಗಾದರೂ, ನಾನು ಮನಸಾರೆ ಹೇಳುತ್ತೇನೆ. 2008ರಲ್ಲಿ ಫ್ರಾನ್ಸಿನ ಆಂಗುಲೆಮ್ ಕಾಮಿಕ್ಸ್ ಉತ್ಸವ ಇದಕ್ಕೆ ವರ್ಷದ ಶ್ರೇಷ್ಠ ಕೃತಿಯ ಪ್ರಶಸ್ತಿ ಕೊಟ್ಟದ್ದು ಇದು ಮಕ್ಕಳ ಕಪಾಟಿಗಷ್ಟೇ ಸೇರಿದ್ದಲ್ಲ ಎಂಬುದಕ್ಕೆ ಸಾಕ್ಷಿ.

ಪುಸ್ತಕದ ರೂಪವೂ ಓದಿನ ಒಂದು ಭಾಗವಾಗಿದೆ. ಮುಖಪುಟವನ್ನು ಸವೆದುಹೋದ ಹಳೆಯ ಆಲ್ಬಮ್ಮಿನಂತೆ ರೂಪಿಸಲಾಗಿದೆ. ರಟ್ಟು ತೆರೆದ ಕೂಡಲೇ ಸಿಗುವ ಒಳಹಾಳೆಗಳಲ್ಲಿ ನಾನಾ ನಾಡಿನವರ ಮುಖಗಳು ಪಾಸ್‌ಪೋರ್ಟ್ ಚಿತ್ರಗಳಂತೆ ಸಾಲುಗಟ್ಟಿವೆ. ಇದನ್ನು ಮೊಬೈಲಿನ ಪರದೆಯಲ್ಲಿ ನೋಡುವುದು ವ್ಯರ್ಥ. ಪರದೆ ಒಂದು ಸಲಕ್ಕೆ ಒಂದು ತುಂಡು ತೋರಿಸುತ್ತದೆ; ಸಣ್ಣ ಚೌಕಗಳ ಪುಟದಿಂದ ಒಮ್ಮೆಗೇ ಎರಡು ಪುಟಗಳ ನಗರದ ನೋಟಕ್ಕೆ ಬಂದಾಗ ಆಗುವ ದಿಗ್ಭ್ರಮೆ ಅಲ್ಲಿ ಹುಟ್ಟುವುದೇ ಇಲ್ಲ. ಕೊಳ್ಳುವುದಾದರೆ ಚೆನ್ನಾಗಿ ಅಗಲಿಸಿ ತೆರೆಯಲು ಬರುವ ಗಟ್ಟಿ ರಟ್ಟಿನ ಪ್ರತಿಯನ್ನೇ ಕೊಳ್ಳಿ, ಏಕೆಂದರೆ ಬಿಗಿಯಾದ ಹೊಲಿಗೆಯಲ್ಲಿ ಅಗಲ ಚಿತ್ರಗಳ ನಡುಭಾಗ ಮಡಿಕೆಯೊಳಗೆ ಸೇರಿಹೋಗುತ್ತದೆ. ಕಥೆ ಮುಗಿದ ಮೇಲೆ ಚಿತ್ರಕಾರರ ಒಂದು ಟಿಪ್ಪಣಿ ಇದೆ. ಯಾವ ಚಿತ್ರಕ್ಕೆ ಯಾವ ಹಳೆಯ ಛಾಯಾಚಿತ್ರ, ಯಾವ ವರ್ಣಚಿತ್ರ ಪ್ರೇರಣೆ ಎಂಬುದನ್ನು ಅಲ್ಲಿ ತಿಳಿಸಿದ್ದಾರೆ. ಟ್ಯಾನ್ ಅವರ ತಂದೆ 1960ರಲ್ಲಿ ಮಲೇಶಿಯಾದಿಂದ ಪಶ್ಚಿಮ ಆಸ್ಟ್ರೇಲಿಯಾಕ್ಕೆ ಬಂದವರು ಎಂಬುದೂ ತಿಳಿಯಬೇಕಾದ ಸಂಗತಿಯೇ. ಆದರೆ ಟಿಪ್ಪಣಿಯನ್ನೂ ಇಂಥ ವಿವರಗಳನ್ನೂ ಮೊದಲ ಓದು ಪೂರ್ತಿಯಾದ ಮೇಲೆ ನೋಡುವುದು ಒಳ್ಳೆಯದು. ಮೊದಲೇ ಓದಿಕೊಂಡರೆ ಪ್ರತಿ ಪುಟದಲ್ಲೂ ಮೂಲವನ್ನು ಹುಡುಕುವ ಕಣ್ಣು ಎಚ್ಚರಗೊಳ್ಳುತ್ತದೆ, ಮತ್ತು ಆ ಕಣ್ಣಿಗೆ ಪೆಟ್ಟಿಗೆಯ ಮೇಲಿನ ಕೈಯಾಗಲಿ ತಲೆಕೆಳಗಾದ ಭಿತ್ತಿಪತ್ರವಾಗಲಿ ಅಷ್ಟು ಬೇಗ ಕಾಣುವುದಿಲ್ಲ.